ಹಿಡಿರಿ, ಬಿಡಿರಿ

ದೋಣಿಯ ರಾಟೆ ಕಿರ್ರೆನ್ನುತ್ತಿದೆ, ಕಿವಿಗೆ ಕೇಳುತ್ತಿಲ್ಲ, ಹಗ್ಗ ಹಿಡಿದ ಬೆರಳಿಗೆ ಗೊತ್ತಾಗುತ್ತಿದೆ, ಸಣ್ಣ ನಡುಕ, ಒಳಗೆಲ್ಲೋ ಮರಳು ಸೇರಿರಬೇಕು, ಒಂದು ತೊಟ್ಟು ಎಣ್ಣೆ ಬಿಟ್ಟರೆ ಸಾಕು — ಬೇಡ ಬೇಡ, ಎಣ್ಣೆ ಹಗ್ಗಕ್ಕೆ ಹತ್ತಿದರೆ ಹಗ್ಗ ಜಾರುತ್ತದೆ, ಹಗ್ಗ ಜಾರಿದರೆ ನಾನು ಮಾಡಿದ ಮೊಸಳೆ ಅದನ್ನು ಕಚ್ಚುವುದಿಲ್ಲ, ಮೊಸಳೆ ಕಚ್ಚದಿದ್ದರೆ ಇಷ್ಟು ದಿನದ ಕೆಲಸವೆಲ್ಲ ಮಣ್ಣುಪಾಲು, ಮಣ್ಣೆಲ್ಲಿ ಬಂತು ಇಲ್ಲಿ, ನೀರುಪಾಲು — ಸಿಹಿನೀರಲ್ಲಿ ತೊಳೆದರಾಯಿತು, ಬಾಟಲಿ ಎಲ್ಲಿ, ಬಾಟಲಿ ಅವಳ ಕೈಯಲ್ಲಿದೆ, ಜೆಟ್ಟಿಯ ತುದಿಯಲ್ಲಿ ನಿಂತು ನನ್ನ ಹೆಂಡತಿ ಗಟಗಟ ನೀರು ಕುಡಿಯುತ್ತಿದ್ದಾಳೆ, ಕುಡಿಯುತ್ತಲೇ ಗಾಳಿ ಯಾವ ಕಡೆಯದು ಎಂದು ಕಣ್ಣಲ್ಲೇ ಅಳೆಯುತ್ತಿದ್ದಾಳೆ, ಏನೋ ಹೇಳಿದಳು, ತಲೆಯಾಡಿಸಿದೆ, ಕಿವಿ ಮಾಡಬೇಕಾದ ಕೆಲಸವನ್ನು ಈಗ ಕತ್ತು ವಹಿಸಿಕೊಂಡಿದೆ, ಯಾರು ಏನಂದರೂ ಹೂಂ, ಮೊನ್ನೆ ಅಂಗಡಿಯವನು ಏನೋ ಕೇಳಿದ, ಹೂಂ ಅಂದೆ, ಹಗ್ಗ ಕೊಳ್ಳಲು ಹೋದವನಿಗೆ ಒಂದು ರಾಶಿ ಬಟ್ಟೆ ಕ್ಲಿಪ್ಪು ಕಟ್ಟಿಕೊಟ್ಟ, ಏನ್ರೀ ಇದು, ಊರಿನ ಬಟ್ಟೆಯೆಲ್ಲ ಒಣಗಿಸ್ತೀರಾ, ಅಂತ ಅವಳು ಬೈದಳು, ಆದರೆ ಆ ಕ್ಲಿಪ್ಪುಗಳೂ ಕೆಲಸಕ್ಕೆ ಬಂದವು, ಅಂಟು ಒಣಗುವವರೆಗೆ ಮೊಸಳೆಯ ದವಡೆ ಒತ್ತಿ ಹಿಡಿದದ್ದು ಅವೇ. ಇವತ್ತು, ಇವತ್ತು, ತಿಂಡಿ ಸೇರಲಿಲ್ಲ, ಇವತ್ತು ಅವಳು ಒಬ್ಬಳೇ ಈ ದೋಣಿ ನಡೆಸಬೇಕು, ನಡೆಸಿ ತನಗೆ ತಾನೇ ತೋರಿಸಿಕೊಳ್ಳಬೇಕು, ಇಲ್ಲದಿದ್ದರೆ ದೋಣಿ ಅದನ್ನು ಕೊಳ್ಳಲು ಕಾದಿರುವ ಹಲ್ಲಿನ ಡಾಕ್ಟರ ಪಾಲು, ಅಗೋ ಅವರೂ ಬಂದು ನಿಂತಿದ್ದಾರೆ, ಅಗಲ ಟೊಪ್ಪಿ, ಬಿಳಿ ಬೂಟು, ಬಗ್ಗಿ ಬಗ್ಗಿ ದೋಣಿಯ ಅಡಿಭಾಗ ನೋಡುತ್ತಿದ್ದಾರೆ, ಬಾಯಿ ಆ ಅನ್ನಿ ಅಂತ ಹೇಳುವುದೊಂದು ಬಾಕಿ, ಒಳ್ಳೆಯವರೇ ಪಾಪ, ಅದೇ ತೊಂದರೆ, ಕೆಟ್ಟವರಾಗಿದ್ದರೆ ಮನಸಾರೆ ಬೈದುಕೊಳ್ಳಬಹುದಿತ್ತು.

ಕೊಟ್ಬಿಡೋಣಾರೀ ಅವರಿಗೇ, ಅಂದಿದ್ದಳು, ಅಡುಗೆಮನೆಯಲ್ಲಿ, ನನ್ನ ಕಡೆ ತಿರುಗಿ, ನಿಧಾನಕ್ಕೆ, ನನಗೆ ಕೇಳಲಿ ಎಂದು ಒಂದೊಂದೇ ಮಾತು ಬಿಡಿಸಿ, ಆ ಹೊತ್ತಿನ ಅವಳ ಮುಖ ನನಗೆ ಗೊತ್ತಿರುವ ಮುಖ, ಬಸ್ಸಿನ ಕೀಲಿ ಡಿಪೋದಲ್ಲಿ ಮೇಜಿನ ಮೇಲಿಟ್ಟು ಬಂದ ದಿನ ಇಂಥದೇ ಮುಖ ಹೊತ್ತು ಮನೆಗೆ ಬಂದಿದ್ದಳು, ನಗುತ್ತಾ, ಹಾರ ಹಾಕಿಸಿಕೊಂಡು, ಕಾಲು ಮಾತ್ರ ಸೋಫಾದ ಮುಂದೆ ಇಲ್ಲದ ಕ್ಲಚ್ಚು ಒತ್ತುತ್ತಿತ್ತು, ಇಡೀ ಆಯುಷ್ಯ ಊರಿನ ಇಕ್ಕಟ್ಟು ಬೀದಿಗಳಲ್ಲಿ ಬಸ್ಸು ತಿರುಗಿಸಿದ ಹೆಂಗಸು, ಅವಳ ಕೈಯಿಂದ ಎರಡನೇ ಸಲ ಕೀಲಿ ಕಸಿಯಬಾರದು, ಬಾರದು ಅಂದರೆ ಬಾರದು, ಅದೂ ನನ್ನ ಕಿವಿಯ ದೆಸೆಯಿಂದ. ಈ ದೋಣಿ ಅವಳದೇ ಹುಚ್ಚು, ನಿವೃತ್ತಿಗೆ ಮೊದಲೇ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಇಬ್ಬರೂ ಸೇರಿ ಕಟ್ಟಿದೆವು, ಎರಡು ಉದ್ದನೆಯ ಒಡಲು, ನಡುವೆ ಅಡ್ಡಕಂಬ, ಕಂಬಗಳ ನಡುವೆ ಕೂರಲು ಬಿಗಿದ ಬಲೆ, ಮೇಲೆ ಹಾಯಿ, ಕ್ಯಾಟಮರಾನ್ ಅನ್ನುತ್ತಾರೆ, ನಮಗೆ ಜೋಡಿದೋಣಿ, ಕಟ್ಟಿ ಮುಗಿಸಿದ ಮೇಲೆ ಗೊತ್ತಾಯಿತು ನೆಲಮಾಳಿಗೆಯ ಬಾಗಿಲಿಗಿಂತ ದೋಣಿ ಅಗಲ ಅಂತ, ಮತ್ತೆ ಬಿಚ್ಚಿ, ಹೊರಗೆ ತಂದು, ಮತ್ತೆ ಜೋಡಿಸಿ, ಆ ದಿನ ನಕ್ಕಷ್ಟು ನಾವು ಯಾವತ್ತೂ ನಕ್ಕಿಲ್ಲ. ಅವಳದು ಚುಕ್ಕಾಣಿ, ನನ್ನದು ಹಗ್ಗ, ಮೊದಲಿಂದ ಹಾಗೇ, ನಾನು ಚುಕ್ಕಾಣಿ ಹಿಡಿದರೆ ದೋಣಿ ಕುಡುಕನ ಹಾಗೆ ಹೋಗುತ್ತದೆ, ಹಗ್ಗ ಮಾತ್ರ ನನ್ನ ಕೈಯಲ್ಲಿ ಹೇಳಿದ ಹಾಗೆ ಕೇಳುತ್ತದೆ, ಲಿಫ್ಟ್ ಮೆಕ್ಯಾನಿಕ್ಕಿನ ಕೈ ಇದು, ಹಗ್ಗದಲ್ಲೇ ಬೆಳೆದದ್ದು.

ಮೊಸಳೆ ಅಂದರೆ ನಿಜದ ಮೊಸಳೆಯಲ್ಲ, ಎದುರುಬದುರು ಎರಡು ದವಡೆ, ದವಡೆಗೆ ಸಾಲು ಹಲ್ಲು, ನಡುವೆ ಹಗ್ಗ, ನಾವು ಎಳೆದರೆ ಸಲೀಸಾಗಿ ಬರುತ್ತದೆ, ಹಾಯಿ ತಿರುಗಿ ಎಳೆದರೆ ಹಲ್ಲು ಕಚ್ಚಿಕೊಳ್ಳುತ್ತದೆ, ಎಷ್ಟು ಎಳೆದರೆ ಅಷ್ಟು ಬಿಗಿ, ಅಂಗಡಿಯಲ್ಲಿ ಸಿಗುವುದಿಲ್ಲವೇ, ಧಾರಾಳವಾಗಿ ಸಿಗುತ್ತದೆ, ಆದರೆ ಅಂಗಡಿಯದಕ್ಕೆ ಕಚ್ಚುವುದು ಮಾತ್ರ ಗೊತ್ತು, ಬಿಡಿಸಲು ಇನ್ನೊಂದು ಕೈ ಬೇಕು, ಜೋರುಗಾಳಿ ನುಗ್ಗಿದಾಗ ಅವಳ ಎರಡು ಕೈಯೂ ಚುಕ್ಕಾಣಿಯ ಮೇಲೆ, ಆಗ ಬಿಡಿಸುವವರು ಯಾರು — ಯಾರು, ಯಾರು, ಎಂದು ತಲೆ ಕೆಡಿಸಿಕೊಂಡು ತಿರುಗುತ್ತಿದ್ದೆ, ತಲೆಗೆ ಸೋಪು ಹಚ್ಚಿಕೊಂಡು ನಿಂತಾಗ ಹೊಳೆಯಿತು, ಲಿಫ್ಟು, ಅಯ್ಯೋ ಲಿಫ್ಟು! ಲಿಫ್ಟಿನ ಹಗ್ಗ ಮಿತಿ ಮೀರಿ ಓಡಿದರೆ ಗವರ್ನರ್ ಅನ್ನುವ ಒಂದು ಚಕ್ರ ತಾನಾಗಿ ಟಕ್ಕೆಂದು ಹಿಡಿದು ನಿಲ್ಲಿಸುತ್ತದೆ, ಯಾರ ಅಪ್ಪಣೆಯೂ ಬೇಡ, ಅದನ್ನೇ ತಿರುವಿಹಾಕಿದರೆ? ಲಿಫ್ಟಿನಲ್ಲಿ ಮಿತಿ ಮೀರಿದರೆ ತಾನಾಗಿ ಹಿಡಿಯಬೇಕು, ದೋಣಿಯಲ್ಲಿ ಮಿತಿ ಮೀರಿದರೆ ತಾನಾಗಿ ಬಿಡಬೇಕು, ಜನ್ಮವಿಡೀ ಹಿಡಿಯುವ ಯಂತ್ರ ರಿಪೇರಿ ಮಾಡಿದವನು ಈಗ ಬಿಡುವ ಯಂತ್ರ ಮಾಡಬೇಕು, ಸೋಪು ಕಣ್ಣಿಗೆ ಹೋಯಿತು, ಉರಿಯುವ ಕಣ್ಣಲ್ಲೇ ಬಚ್ಚಲ ಬಾಗಿಲು ನೋಡಿದೆ, ಬಾಗಿಲು ತಾನಾಗಿ ಮುಚ್ಚಿಕೊಳ್ಳಲು ಹಾಕಿದ್ದ ಸ್ಪ್ರಿಂಗು, ಎಂಥ ಸ್ಪ್ರಿಂಗು ಅದು, ಟವೆಲ್ಲು ಸುತ್ತಿಕೊಂಡು ಆಗಲೇ ಬಿಚ್ಚಿದೆ, ಅಂದಿನಿಂದ ನಮ್ಮ ಬಚ್ಚಲ ಬಾಗಿಲು ಮುಚ್ಚಿಕೊಂಡು ನಿಲ್ಲುವುದಿಲ್ಲ, ಒಳಗಿರುವವರು ಹಾಡುತ್ತಿರಬೇಕು ಎಂದು ಒಪ್ಪಂದ, ಅವಳು ಹಾಡಿದರೆ ನನಗೆ ಕೇಳುವುದಿಲ್ಲ, ಎಂಥ ಫಜೀತಿ.

ದವಡೆಗೆ ಏನು ಹಾಕಲಿ, ಮರ ಉಬ್ಬುತ್ತದೆ, ಕಬ್ಬಿಣ ತುಕ್ಕು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆ ಕಣ್ಣಿಗೆ ಬಿತ್ತು, ಗಟ್ಟಿ, ನುಣುಪು, ನೀರಿಗೆ ಜಗ್ಗುವುದಿಲ್ಲ, ಅವಳು ಪೇಟೆಗೆ ಹೋಗಿದ್ದಳು, ಗರಗಸ ಹಾಕಿದೆ, ಬಂದವಳು ನೋಡಿದಳು, ಒಂದು ಕೈಯಲ್ಲಿ ಸೌತೆಕಾಯಿ, ಇನ್ನೊಂದರಲ್ಲಿ ಚಾಕು, ಎಲ್ರೀ ಹಲಗೆ, ಮೊಸಳೆಯಾಯ್ತು ಕಣೇ, ಹಾಗಾದ್ರೆ ಸೌತೆಕಾಯಿ ನಿಮ್ಮ ತಲೆ ಮೇಲೆ ಹೆಚ್ಚಲಾ, ಅಂದಳು, ಇದು ಕೇಳಿತು, ಬೈಗುಳ ಹೇಗೋ ಕೇಳುತ್ತದೆ. ಪರೀಕ್ಷೆ ಮಾಡಿದ್ದು ಹಜಾರದಲ್ಲಿ, ಸೋಫಾವೇ ದೋಣಿ, ಕಿಟಕಿಯ ಸರಳು ಹಾಯಿಕಂಬ, ಬಟ್ಟೆ ಒಣಹಾಕುವ ರಾಟೆಗಳನ್ನೆಲ್ಲ ಕಿತ್ತು ಗೋಡೆಯುದ್ದಕ್ಕೂ ಕಟ್ಟಿ ಎಲ್ಲ ಹಗ್ಗವೂ ಅವಳು ಕೂತಲ್ಲಿಗೇ ಬಂದು ಸೇರುವ ಹಾಗೆ ಮಾಡಿದೆ, ಹಗ್ಗದ ತುದಿಗೆ ಗಂಟು, ದೊಡ್ಡ ಹಾಯಿಗೆ ಒಂದು ಗಂಟು, ಮುಂದಿನದಕ್ಕೆ ಎರಡು, ನೋಡದೇ ಮುಟ್ಟಿದರೆ ತಿಳಿಯಬೇಕು, ಮಿಕ್ಕ ಹಗ್ಗ ಕಾಲಿಗೆ ತೊಡರದಂತೆ ತುಂಬಿಕೊಳ್ಳಲು ನನ್ನ ಹಳೇ ಕೆಲಸದ ಪ್ಯಾಂಟಿನ ಕಾಲುಗಳ ತಳ ಹೊಲಿದು ಎರಡು ಚೀಲ, ಹಾಯಿಯ ಜಾಗದಲ್ಲಿ ನೀರು ತುಂಬಿದ ಬಕೆಟ್ಟು, ಒಂದೊಂದೇ ಚೊಂಬು ಸುರಿದು ತೂಕ ಏರಿಸುವುದು, ಎಷ್ಟಕ್ಕೆ ಮೊಸಳೆ ಬಾಯಿ ಬಿಡುತ್ತದೆ ನೋಡುವುದು, ಅವಳು ಸೋಫಾದ ತುದಿಯಲ್ಲಿ ನೆಲ ಒರೆಸುವ ಕೋಲು ಹಿಡಿದು, ಅದೇ ಚುಕ್ಕಾಣಿ, ಮೊದಲು ಅಯ್ಯೋ ಇದೇನು ಮಕ್ಕಳಾಟ ಅನ್ನುತ್ತಿದ್ದವಳು ಆಮೇಲೆ ಆಮೇಲೆ ಸೊಂಟ ವಾಲಿಸಿ ಕೂರತೊಡಗಿದಳು, ಇನ್ನೊಂದು ಚೊಂಬು ಹಾಕ್ರೀ, ಇನ್ನೂ ಒಂದು, ಕಣ್ಣು ಹೊಳೆಯುತ್ತಿತ್ತು, ಟಕ್, ಬಿಟ್ಟಿತು, ಬಕೆಟ್ಟು ದಡಾರೆಂದಿತು, ನೀರು ಹಜಾರದ ತುಂಬ, ಇಬ್ಬರೂ ಚಪ್ಪಾಳೆ ಹೊಡೆದೆವು, ಕೆಳಮನೆಯವರು ಮೇಲೆ ಬಂದು ಬಾಗಿಲಲ್ಲಿ ನಿಂತು ಏನೇನೋ ಅಂದರು, ನಾನು ಹೂಂ ಹೂಂ ಅಂದೆ, ಏನ್ರೀ ಎಲ್ಲದಕ್ಕೂ ಒಪ್ಕೊಂಡ್ರಲ್ಲ, ಅವರ ಮನೆಗೆ ಬಣ್ಣ ಹೊಡೆಸಿಕೊಡ್ತೀನಿ ಅಂದ ಹಾಗಾಯ್ತು ಅಂತ ಅವಳು ಆಮೇಲೆ ಹೇಳಿದಳು. ಮಗಳು ಬಂದಾಗ ಹಗ್ಗಗಳ ನಡುವೆ ನಿಂತು, ಅಪ್ಪ ಬಿಡು, ಅಮ್ಮಾ, ನೀನೂನಾ, ಅಂದಳು, ಅಮ್ಮ ಕೋಲು ಕೆಳಗಿಡಲಿಲ್ಲ.

ಮೊಸಳೆ ಬಿಟ್ಟದ್ದು ನೋಡಿದಾಗೆಲ್ಲ ನನಗೆ ಆ ದಿನ ನೆನಪಾಗುತ್ತದೆ, ನೆನಪಾಗುತ್ತದೆ ಏನು, ಬೆನ್ನಿಗೇ ಅಂಟಿಕೊಂಡಿದೆ, ಕಲ್ಲಿನ ತಡೆಗೋಡೆ ದಾಟಿದ ಮೇಲೆ ಗಾಳಿ ತುಂಬಿತ್ತು, ನಾನು ಎಂದಿನಂತೆ ಮುಂದಕ್ಕೆ ಮುಖ ಮಾಡಿ ಹಗ್ಗ ಹಿಡಿದು ಕೂತಿದ್ದೆ, ಅವಳ ಕೂಗು ಬೆನ್ನ ಹಿಂದಿನಿಂದ, ಯಾವಾಗಲೂ ಬೆನ್ನ ಹಿಂದಿನಿಂದಲೇ, ಡಿರಿ, ಅಂತ ಕೇಳಿತು, ಅಷ್ಟೇ, ಇಡಿರಿ, ಹಿಡಿರಿಯೋ ಬಿಡಿರಿಯೋ, ಮೋಟಾರು ಕೋಣೆಗಳಲ್ಲಿ ಕೂತೂ ಕೂತೂ ಕೆಟ್ಟ ಕಿವಿ ಇದು, ಸ್ವರಗಳೆಲ್ಲ ಇನ್ನೂ ಕೆಲಸಕ್ಕೆ ಬರುತ್ತಿವೆ, ಅ ಬರುತ್ತದೆ, ಇ ಬರುತ್ತದೆ, ಉ ಬರುತ್ತದೆ, ವ್ಯಂಜನಗಳು ಮಾತ್ರ ಒಂದೊಂದಾಗಿ ರಾಜೀನಾಮೆ ಕೊಟ್ಟು ಹೋಗಿವೆ, ಮಿಷಿನ್ನು ಹಾಕಿಕೋ ಅಪ್ಪಾ ಎಂದು ಮಗಳು ಕೊಡಿಸಿದಳು, ಮನೆಯಲ್ಲಿ ಪರವಾಗಿಲ್ಲ, ದೋಣಿ ಏರಿದರೆ ಅದರ ಬಾಯಿಗೆ ಗಾಳಿ ಹೊಕ್ಕು ಹುಯ್ಯೋ ಎಂದು ಊಳಿಡುತ್ತದೆ, ಬೇರೇನೂ ಇಲ್ಲ. ಡಿರಿ ಅಂದಳು, ಹಿಡಿರಿ ಎಂದುಕೊಂಡೆ, ಬಿಗಿಯಾಗಿ ಹಿಡಿದೆ, ಡಿರೀ ಡಿರೀ ಎಂದು ಇನ್ನೂ ಜೋರಾಗಿ ಕೂಗಿದಳು, ಪಾಪ ಎಷ್ಟು ಗಾಬರಿಯಾಗಿದ್ದಾಳೆ ಎಂದು ಇನ್ನೂ ಬಿಗಿಯಾಗಿ, ಕೈಗೆರಡು ಸುತ್ತು ಸುತ್ತಿಕೊಂಡು ಹಿಡಿದೆ, ಅವಳು ಬಿಡಿರಿ ಅಂದಷ್ಟೂ ನಾನು ಹಿಡಿದೆ, ದೋಣಿ ಒಂದು ಮಗ್ಗುಲು ಎದ್ದಿತು, ಎದ್ದೇ ಎದ್ದಿತು, ಹಾಯಿ ನೀರಿಗೆ, ನಾನು ಬಲೆಯ ಅಡಿಗೆ, ಹಗ್ಗ ಕೈಗೆ ಸುತ್ತಿಯೇ ಇದೆ, ಹಸಿರು ಹಸಿರು ನೀರು, ಮೇಲಿಂದ ಅವಳ ಕೈ ಬಂದು ಅಂಗಿಯ ಕಾಲರು ಹಿಡಿದು ಎಳೆಯಿತು, ದಡಕ್ಕೆ ಬಂದ ಮೇಲೂ ನನ್ನ ಕಾಲರು ಬಿಡಲಿಲ್ಲ, ನನ್ನನ್ನು ಹಾಗೇ ಮನೆವರೆಗೂ ಕರೆತಂದಳು, ಬೀದಿಯ ಜನ ಕಳ್ಳನನ್ನು ಹಿಡಿದಿದ್ದಾಳೆ ಎಂದುಕೊಂಡಿರಬೇಕು. ನಿಮ್ಮನ್ನ ಇನ್ನು ಹಗ್ಗದ ಹತ್ರ ಕೂರಿಸಲ್ಲ, ನನಗೆ ದೋಣಿ ಬೇಡ, ನೀವು ಬೇಕು, ಅಂದಳು. ಎಷ್ಟು ಖುಷಿಯಾಗಬೇಕು ಆ ಮಾತಿಗೆ, ಆಯಿತು, ಆದರೆ ಎರಡರಲ್ಲಿ ಒಂದು ಎಂದು ಇವಳು ಯಾಕೆ ಆರಿಸಬೇಕು, ಎರಡೂ ಇರಲಿ, ನಾನು ದಡದಲ್ಲಿರುತ್ತೇನೆ, ದೋಣಿ ಅವಳ ಕೈಯಲ್ಲಿರುತ್ತದೆ, ನನ್ನ ಬದಲಿಗೆ ಒಂದು ಮೊಸಳೆ ಕೂರುತ್ತದೆ, ಅದಕ್ಕೆ ಕಿವಿಯೇ ಬೇಕಿಲ್ಲ.

ರೀ ಇಲ್ಲದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ, ಯೋಚಿಸಿದರೆ ನಗು ಬರುತ್ತದೆ, ಮಗಳು ನನಗೆ ಬಿಡು ಅನ್ನುತ್ತಾಳೆ, ಹಿಡಿ ಅನ್ನುತ್ತಾಳೆ, ಎರಡೂ ಬೇರೆ ಬೇರೆ, ಒಂದರ ಬಾಲ ಇ, ಇನ್ನೊಂದರ ಬಾಲ ಉ, ಈ ಹಾಳು ಕಿವಿಗೂ ತಿಳಿಯುತ್ತದೆ, ಮರ್ಯಾದೆ ಕೊಟ್ಟು ಹಿಡಿರಿ ಬಿಡಿರಿ ಅಂದಾಗಲೇ ಎರಡೂ ಅವಳಿಜವಳಿ, ಮರ್ಯಾದೆ ನನ್ನನ್ನು ನೀರಿಗೆ ತಳ್ಳಿತು, ಗಂಡನಿಗೆ ಮರ್ಯಾದೆ ಕೊಟ್ಟದ್ದಕ್ಕೆ ದೋಣಿ ಮಗುಚಿದ್ದು ನಮ್ಮ ಮನೆಯಲ್ಲೇ ಇರಬೇಕು. ದೋಣಿ ಮೇಲೆ ಮಾತ್ರ ಏಕವಚನದಲ್ಲಿ ಕರಿಯೇ, ಬಿಡು ಅನ್ನು, ಯಾರೂ ಕೇಳಿಸಿಕೊಳ್ಳಲ್ಲ, ಮೀನು ಬಿಟ್ಟರೆ, ಎಂದೆ, ಅವಳು ಬಾಯಿ ತೆರೆದಳು, ಬಿ, ಅಂದಳು, ಬಿಡ್, ಅಂದಳು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಬಾಯಿಗೆ ಬರಲ್ಲಾರೀ, ನಾಲಿಗೆ ತಿರುಗಲ್ಲ. ಇದೇ ಹೆಂಗಸು, ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ಲಾರಿಯವರಿಗೆ, ಏಯ್ ಕಣ್ಣು ಎಲ್ಲಿಟ್ಟಿದೀಯೋ, ನಿಮ್ಮಪ್ಪನ ರಸ್ತೇನಾ, ಎಂದು ಇಡೀ ವೃತ್ತಕ್ಕೆ ಕೇಳುವಂತೆ ಬೈಯುತ್ತಿದ್ದವಳು, ಊರಿಗೆಲ್ಲ ಏಕವಚನ, ನನಗೊಬ್ಬನಿಗೆ ರೀ, ಯಾಕೆಂದರೆ ಮುಖ ನೋಡುವುದಕ್ಕೆ ಮೊದಲೇ ರೀ ಶುರುವಾಗಿತ್ತು, ಡಿಪೋದ ಆಫೀಸಿನ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು, ನಾನು ಹೊರಗೆ ಸ್ಪ್ಯಾನರ್ ಹಿಡಿದು, ಅವಳು ಒಳಗೆ, ಮುಚ್ಚಿದ ಬಾಗಿಲ ಹಿಂದಿನಿಂದ, ರೀ, ಯಾರ್ರೀ ಅಲ್ಲಿ, ಇದೀರೇನ್ರೀ, ಇದೀನಿ ಮೇಡಂ, ಹೋಗ್ಬೇಡ್ರೀ, ಇಲ್ಲ ಮೇಡಂ, ಏನಾದ್ರೂ ಮಾತಾಡ್ತಾ ಇರ್ರೀ, ಲಿಫ್ಟು ಹೇಗೆ ಕೆಲಸ ಮಾಡುತ್ತದೆ ಎಂದು ಪೂರ್ತಿ ವಿವರಿಸಿದೆ, ಬೇರೆ ಏನು ಮಾತಾಡಲಿ ಅಪರಿಚಿತ ಹೆಂಗಸಿನ ಹತ್ತಿರ, ಬಾಗಿಲು ತೆರೆದಾಗ ಅವಳು, ಅಂದ್ರೆ ಬ್ರೇಕು ಹಿಡಿದೇ ಇರುತ್ತೆ, ಕರೆಂಟು ಬಂದ್ರೆ ಮಾತ್ರ ಬಿಡುತ್ತೆ, ಅಲ್ವೇನ್ರೀ, ಅಂದಳು, ಒಂದೇ ಸಲಕ್ಕೆ ಅರ್ಥ ಮಾಡಿಕೊಂಡಿದ್ದಳು, ಅಲ್ಲಿಗೆ ನನ್ನ ಕಥೆ ಮುಗಿಯಿತು.

ಸಾರ್, ಮೊದಲನೇ ಸಲ ಒಬ್ರನ್ನೇ ಕಳ್ಸೋಕಾಗಲ್ಲ, ದೋಣಿಕಟ್ಟೆಯ ಮೇಸ್ತ್ರಿ ನನ್ನ ಕಿವಿಗೇ ಬಾಯಿಟ್ಟು ಕೂಗುತ್ತಿದ್ದಾನೆ, ಎಲ್ಲರೂ ಈಗ ಹೀಗೇ, ಕಿವಿಯೊಳಗೆ ಉಗುಳು, ನೀವೂ ಕೂತ್ಕೊಳಿ, ಆದ್ರೆ ಕೈ ಹಾಕ್ಬಾರ್ದು, ಕೈ ಹಾಕಿದ್ರೆ ಲೆಕ್ಕಕ್ಕಿಲ್ಲ, ಹೂಂ ಅಂದೆ, ಈ ಹೂಂ ಅರ್ಥವಾಗಿ ಅಂದದ್ದು. ಬಲೆಯ ಮೇಲೆ ಎಲ್ಲಿ ಕೂರಲಿ, ಎಂದಿನಂತೆ ಮುಂದೆ ನೋಡುತ್ತಾ ಕೂತರೆ ಕೈ ಹಗ್ಗಕ್ಕೆ ಹೋಗುತ್ತದೆ, ಕಂಬಕ್ಕೆ ಬೆನ್ನು ಕೊಟ್ಟು ಹಿಂದಕ್ಕೆ ಮುಖ ಮಾಡಿ ಕೂತೆ, ಅವಳಿಗೆ ಎದುರಾಗಿ, ಕೈ ಮಡಿಲಲ್ಲಿರ್ಲಿ ಎಂದು ಕಣ್ಣಲ್ಲೇ ಹೇಳಿದಳು, ಇಟ್ಟೆ, ಒಳ್ಳೇ ಹುಡುಗನ ಹಾಗೆ. ಮೇಸ್ತ್ರಿ ತಳ್ಳಿದ, ಡಾಕ್ಟರು ಟೊಪ್ಪಿ ಎತ್ತಿದರು, ಒಂದು ಗಂಟಿನ ಹಗ್ಗ ಅವಳ ಕೈಗೆ, ಎಳೆದಳು, ರಾಟೆ ರಾಟೆ ರಾಟೆ ದಾಟಿ ದೊಡ್ಡ ಹಾಯಿ ತುಂಬಿತು, ಕೈ ಬಿಟ್ಟಳು, ಮೊಸಳೆ ಕಚ್ಚಿತು, ಕಚ್ಚಿತು! ಸೌತೆಕಾಯಿ ಹೆಚ್ಚುತ್ತಿದ್ದ ಹಲಗೆ ಸಮುದ್ರದ ಗಾಳಿಯನ್ನು ಹಲ್ಲಲ್ಲಿ ಹಿಡಿದು ನಿಲ್ಲಿಸಿದೆ, ಎದ್ದು ಕುಣಿಯಬೇಕು ಅನ್ನಿಸುತ್ತಿದೆ, ಬಲೆಯ ಮೇಲೆ ಕುಣಿದರೆ ಸೊಂಟ ಮುರಿಯುತ್ತದೆ, ಎರಡು ಗಂಟಿನದು, ಅದೂ ಬಂತು, ದೋಣಿ ಓಡುತ್ತಿದೆ, ಒಡಲುಗಳ ನಡುವೆ ನೀರು ಬೆಳ್ಳಗೆ ಹರಿಯುತ್ತಿದೆ, ಇನ್ನು ತಿರುಗಿಸಬೇಕು, ಇದೇ ಕಷ್ಟದ ಭಾಗ, ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಎಳೆಯಬೇಕು, ಇದಕ್ಕೇ ನಾನು ಬೇಕಾಗಿದ್ದದ್ದು, ಅವಳು ಮೊಣಕಾಲಲ್ಲಿ ಚುಕ್ಕಾಣಿ ಒತ್ತಿ, ಈ ಕೈಯಲ್ಲಿ ಮೇಲಕ್ಕೆ ಒಂದು ಜಗ್ಗು, ಬಿಟ್ಟಿತು, ಆ ಕೈಯಲ್ಲಿ ಎಳೆತ, ಹಿಡಿಯಿತು, ಮಿಕ್ಕ ಹಗ್ಗ ನನ್ನ ಹಳೇ ಪ್ಯಾಂಟಿನ ಕಾಲೊಳಗೆ ಸರಸರ ಹೊಕ್ಕಿತು, ದೋಣಿ ತಿರುಗಿತು, ಇಕ್ಕಟ್ಟು ಬೀದಿಯ ಮೂಲೆಯಲ್ಲಿ ಬಸ್ಸು ತಿರುಗಿಸಿದ ಹಾಗೆ ಒಂದೇ ಗುಕ್ಕಿಗೆ, ಆಯ್ತಲ್ಲ! ಆಯ್ತು ಕಣೇ! ನಾನು ಬೇಕಾಗಲೇ ಇಲ್ಲ, ಚೂರೂ ಬೇಕಾಗಲಿಲ್ಲ, ಎದೆ ತುಂಬಿ ಬರುತ್ತಿದೆ, ಅದರ ಒಂದು ಮೂಲೆಯಲ್ಲಿ ಏನೋ ಚುಚ್ಚುತ್ತಿದೆ, ಇರಲಿ, ಅದನ್ನು ಆಮೇಲೆ ನೋಡಿಕೊಳ್ಳೋಣ.

ಅವಳ ಮುಖ, ಅವಳು ದೋಣಿ ನಡೆಸುವಾಗಿನ ಮುಖವನ್ನು ನಾನು ನೋಡಿಯೇ ಇರಲಿಲ್ಲವಲ್ಲ, ಇಷ್ಟು ವರ್ಷ ಬೆನ್ನು ಹಾಕಿಯೇ ಕೂತಿದ್ದೆ, ಕಣ್ಣು ಸಣ್ಣಗೆ ಮಾಡಿ ದೂರ ನೋಡುತ್ತಾಳೆ, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾಳೆ, ತುಟಿ ಒಂದು ಕ್ಷಣ ಸುಮ್ಮನಿರುವುದಿಲ್ಲ, ಗಾಳಿಗೆ ಹೇಳುತ್ತಾಳೆ, ಹಾಯಿಗೆ ಹೇಳುತ್ತಾಳೆ, ಹಿಡಿ ಹಿಡಿ, ಮೊಸಳೆಗೆ, ಬಾಯಿ ತೆರೆದೇ ಇರುತ್ತದೆ ಹಿ ಅನ್ನುವಾಗ, ತುಟಿಗೆ ತುಟಿ ಮುಟ್ಟುವುದಿಲ್ಲ, ಆಮೇಲೆ ಒಂದು ಹಗ್ಗ ಜಗ್ಗುತ್ತಾ ಬಿ, ತುಟಿ ಮುಚ್ಚಿಕೊಂಡಿತು, ಮುಚ್ಚಿ ತೆರೆಯಿತು, ಹಿ, ತೆರೆದಿದೆ, ಬಿ, ಮುಚ್ಚಿದೆ, ಅಯ್ಯೋ ದಡ್ಡ, ಎದುರಿಗೆ ಕೂತಿದ್ದರೆ ಕಿವಿಯೇ ಬೇಡವಾಗಿತ್ತು, ಎರಡು ತುಟಿ ಸೇರಿದರೆ ಬಿಡುವುದು, ಸೇರದಿದ್ದರೆ ಹಿಡಿಯುವುದು, ಇಷ್ಟು ಸಣ್ಣ ವಿಷಯ, ಆದರೆ ಹಗ್ಗದವನು ಮುಂದೆ ನೋಡಬೇಕಲ್ಲ, ಹಾಯಿ ನೋಡಬೇಕಲ್ಲ, ಅವಳ ತುಟಿ ನೋಡುತ್ತಾ ಕೂತರೆ ಕೆಲಸ ಕೆಟ್ಟಂತೆಯೇ, ಕೆಡಲಿ, ಈಗ ಕೆಲಸವೇ ಇಲ್ಲವಲ್ಲ ನನಗೆ, ನೋಡುತ್ತೇನೆ, ತುಟಿಯ ಮೇಲೆ ಸಣ್ಣ ಬೆವರು, ಉಪ್ಪು, ತೆರೆಯಿತು, ಸೇರಿತು, ನಮ್ಮಿಬ್ಬರಿಗೂ ಈ ವಯಸ್ಸಿನಲ್ಲಿ ನಾಚಿಕೆಯಾಗಬೇಕು. ಮುಂದೆ ಏನೋ ಕಂಡಳು, ಹುಬ್ಬು ಬಿಗಿಯಿತು, ತಿರುಗಿ ನೋಡಿದೆ, ನೀರಿನ ಮೇಲೆ ಕಪ್ಪು ಕಲೆ, ಓಡಿ ಬರುತ್ತಿದೆ, ಗಾಳಿ, ದೊಡ್ಡದು, ಆ ದಿನದ್ದರಷ್ಟೇ, ಬರಲಿ, ಬರಲಿ ಬಾ, ನಿನಗಾಗಿಯೇ ಬಚ್ಚಲ ಬಾಗಿಲು ತೆರೆದಿಟ್ಟಿದ್ದೇನೆ.

ಬಡಿಯಿತು, ಒಂದು ಒಡಲು ನೀರು ಬಿಟ್ಟು ಎದ್ದಿತು, ಅವಳ ಎರಡು ಕೈಯೂ ಚುಕ್ಕಾಣಿಯಲ್ಲಿ, ಹಗ್ಗ ತಂತಿಯಾಯಿತು, ಈಗ, ಈಗ ಬಿಡಬೇಕು, ಬಿಡೋ ಮೊಸಳೆ, ಬಿಡಪ್ಪಾ, ಸ್ಪ್ರಿಂಗು ಬಗ್ಗುತ್ತಿದೆ, ಟಕ್, ಕೇಳಲಿಲ್ಲ, ತೊಡೆಯಡಿಯ ಬಲೆಯಲ್ಲಿ ಬಡಿಯಿತು, ಬಿಟ್ಟಿತು! ಬಿಟ್ಟಿತು, ಹಗ್ಗ ಓಡುತ್ತಿದೆ, ನನ್ನ ಮುಂದಿನಿಂದಲೇ, ಒಡಲು ಇಳಿಯತೊಡಗಿತು, ಗೆದ್ದೆ, ಗೆದ್ದೆವು, ಡಾಕ್ಟರೇ ಹೋಗಿ ಹಲ್ಲು ಕೀಳಿ — ಯಾಕೆ ನಿಂತಿತು, ಹಗ್ಗ ಯಾಕೆ ನಿಂತಿತು, ಒಡಲು ಮತ್ತೆ ಏಳುತ್ತಿದೆ, ಎಲ್ಲಿ ಸಿಕ್ಕಿಕೊಂಡಿತು, ಯಾವ ರಾಟೆ, ಯಾವ — ಕೈ, ಇದು ಯಾರ ಕೈ, ನನ್ನದು, ಮಡಿಲಲ್ಲಿದ್ದದ್ದು ಯಾವಾಗ ಎದ್ದು ಹೋಯಿತೋ, ಓಡುವ ಹಗ್ಗವನ್ನು ಹಿಡಿದುಬಿಟ್ಟಿದೆ, ಯಂತ್ರ ಬಿಟ್ಟದ್ದನ್ನು ಮೆಕ್ಯಾನಿಕ್ಕು ಹಿಡಿದಿದ್ದಾನೆ, ಹಗ್ಗ ಓಡಿದರೆ ಹಿಡಿಯಬೇಕು, ಅಷ್ಟು ಬಿಟ್ಟರೆ ಈ ಕೈ ಬೇರೇನೂ ಕಲಿತಿಲ್ಲ, ಬಿಗಿಯುತ್ತಿದೆ, ನಾನು ಬಿಗಿಯುತ್ತಿಲ್ಲ, ಅದೇ ಬಿಗಿಯುತ್ತಿದೆ, ಬಲೆ ಗೋಡೆಯ ಹಾಗೆ ನೆಟ್ಟಗಾಗುತ್ತಿದೆ, ಅವಳು ನನ್ನನ್ನೇ ನೋಡುತ್ತಿದ್ದಾಳೆ, ಕೂಗಲಿದ್ದಾಳೆ, ತುಟಿಗೆ ತುಟಿ ಸೇರಿತು, ಗೊತ್ತು ಕಣೇ, ಬಿ, ಬಿಡಿರಿ, ಗೊತ್ತು, ಈ ಬೆರಳಿಗೆ ಯಾರಾದರೂ ಹೇಳಿ, ತುಟಿ ಅಗಲವಾಯಿತು, ಇನ್ನು ಅದೇ ಅಗಲದಲ್ಲಿ ಡಿ, ಅದೇ ಅಗಲದಲ್ಲಿ ರಿ — ಇಲ್ಲ, ಮುಂದಕ್ಕೆ ಬಂತು, ಗುಂಡಗಾಯಿತು, ಉ, ಗಾಳಿಯನ್ನೆಲ್ಲ ಹರಿದುಕೊಂಡು ನೇರ ಕಿವಿಯೊಳಗೆ, ಬಿಡು! ಬಿಡು, ಅಂದಳು, ನನಗೆ, ಬಾಲವಿಲ್ಲ, ರೀ ಇಲ್ಲ, ಲಾರಿಯವನಿಗೆ ಅಂದ ಹಾಗಲ್ಲ, ಮತ್ತೆ ಹೇಗೆ, ಇದುವರೆಗೆ ಯಾರೂ ನನಗೆ ಹಾಗೆ ಅಂದಿಲ್ಲ, ಬೆರಳು ಬಿಚ್ಚಿಕೊಂಡವು, ತಾವಾಗಿಯೇ, ಹಗ್ಗ ಅಂಗೈ ಸುಟ್ಟುಕೊಂಡು ಹೋಯಿತು, ಒಡಲು ದಬ್ಬೆಂದು ನೀರಿಗೆ ಕೂತಿತು, ದೋಣಿ ನೆಟ್ಟಗೆ, ಓಡುತ್ತಿದೆ, ಅವಳ ಕೈಯಲ್ಲಿ, ಅವಳೊಬ್ಬಳ ಕೈಯಲ್ಲಿ, ನನ್ನ ಕೈ ಖಾಲಿ, ಉರಿಯುತ್ತಿದೆ, ತಾನು ಏನಂದೆ ಎಂದು ಅವಳಿಗೂ ಈಗ ತಿಳಿಯಿತು, ಕಣ್ಣು ದೊಡ್ಡದಾಗಿದೆ, ತುಟಿ ಮಾತ್ರ ಹಾಗೇ ಇದೆ, ಉ ಅಂದದ್ದು ಅಂದಂತೆಯೇ, ಗುಂಡಗೆ, ರಿ ಸೇರಿಸಬಹುದು ಈಗಲೂ, ತಡವಾಗಿಲ್ಲ, ಸೇರಿಸುತ್ತಿಲ್ಲ, ಮೇಲ್ತುಟಿಯಲ್ಲಿ ಒಂದು ಹನಿ ನೀರು, ತುಟಿ ಗುಂಡಗೆ, ಹಾಗೇ, ಗುಂಡಗೆ